ಕೈಗೆ ಬಂದ ಕಿತ್ತಳೆ: ಓಲ್ಡ್ ವಿಕ್ ರಂಗಮಂದಿರದ ‘ಎ ಕ್ರಿಸ್ಮಸ್ ಕ್ಯಾರಲ್’

ನಾಟಕ ಇನ್ನೂ ಶುರುವಾಗಿರುವುದಿಲ್ಲ. ಜನ ಸೀಟು ಹುಡುಕುತ್ತಿರುತ್ತಾರೆ. ಕೋಟು ಬಿಚ್ಚಿ ತೊಡೆ ಮೇಲೆ ಇಟ್ಟುಕೊಳ್ಳುತ್ತಿರುತ್ತಾರೆ. ಅಷ್ಟರಲ್ಲಿ ಎತ್ತರದ ಕಪ್ಪು ಹ್ಯಾಟು ಹಾಕಿಕೊಂಡ ಯಾರೋ ಬಂದು ಕೈಗೊಂದು ಪುಟ್ಟ ಕಿತ್ತಳೆ ಇಟ್ಟು ಹೋಗುತ್ತಾರೆ. ಹಿಂದೆಯೇ ಇನ್ನೊಬ್ಬರು ಮಿನ್ಸ್ ಪೈ ಹಂಚುತ್ತಾ ಬರುತ್ತಾರೆ. ಮಿನ್ಸ್ ಪೈ ಅಂದರೆ ಒಣದ್ರಾಕ್ಷಿ, ಮಸಾಲೆಯ ಹೂರಣ ತುಂಬಿದ ಕ್ರಿಸ್ಮಸ್ ತಿಂಡಿ. ನಮ್ಮ ಕರಿಗಡುಬಿನ ದೂರದ ನೆಂಟ ಅನ್ನಬಹುದು. ಇದನ್ನು ಎಣ್ಣೆಯಲ್ಲಿ ಕರಿಯುವುದಿಲ್ಲ, ಒಲೆಯೊಳಗೆ ಬೇಯಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಹಂಚುತ್ತಿರುವವರು ಥಿಯೇಟರಿನ ಸಿಬ್ಬಂದಿ ಅಂದುಕೊಂಡರೆ ತಪ್ಪು. ಇನ್ನು ಸ್ವಲ್ಪ ಹೊತ್ತಿಗೆ ರಂಗದ ಮೇಲೆ ನಿಂತು ಹಾಡುವವರು ಇವರೇ. ಒಬ್ಬ ಕಡು ಜಿಪುಣನ ಕಥೆಯನ್ನು ಪುಕ್ಕಟೆ ಹಣ್ಣು ಹಂಚಿ ಶುರು ಮಾಡುತ್ತಾರೆ. ಮೊದಲ ಮಾತು ಆಡುವ ಮುಂಚೆಯೇ ನಾವು ಏನೋ ಒಂದನ್ನು ತೆಗೆದುಕೊಂಡುಬಿಟ್ಟಿರುತ್ತೇವೆ. ಈ ಕಿತ್ತಳೆಯ ಲೆಕ್ಕ ಆಮೇಲೆ ಬರುತ್ತದೆ.

ಲಂಡನ್ನಿನ ವಾಟರ್‌ಲೂ ಸ್ಟೇಷನ್ ಹತ್ತಿರದ ಓಲ್ಡ್ ವಿಕ್ ರಂಗಮಂದಿರದಲ್ಲಿ 2017ರ ನವೆಂಬರಿನಲ್ಲಿ ಮೊದಲ ಸಲ ಆಡಿದ ರಂಗರೂಪ ಇದು. ಮೂಲ ಕಥೆ ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’. ರಂಗರೂಪ ಜ್ಯಾಕ್ ಥಾರ್ನ್ ಅವರದು, ನಿರ್ದೇಶನ ಮ್ಯಾಥ್ಯೂ ವಾರ್ಕಸ್ ಅವರದು. ಆ ವರ್ಷ ಆಡಿ ಮುಗಿಸಿ ಕೈತೊಳೆದುಕೊಳ್ಳಲಿಲ್ಲ. ಮರುವರ್ಷ ಮತ್ತೆ ಆಡಿದರು, ಅದರ ಮರುವರ್ಷವೂ ಆಡಿದರು. ಈಗ ಅದು ಅಲ್ಲಿನ ಚಳಿಗಾಲದ ಪದ್ಧತಿಯೇ ಆಗಿದೆ. ಕಥೆ ಕಾದಂಬರಿಗಳನ್ನು ರಂಗಕ್ಕೆ ತರುವವರಿಗೆ ಇದರಲ್ಲಿ ಕಲಿಯುವುದು ಬಹಳ ಇದೆ. ಜಗಳ ಆಡುವುದಕ್ಕೂ ಸ್ವಲ್ಪ ಇದೆ.

ಕಥೆಯಲ್ಲೇ ಇರುವ ತೊಡಕು

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಎಬೆನೀಜರ್ ಸ್ಕ್ರೂಜ್ ಲಂಡನ್ನಿನ ಒಬ್ಬ ಮುದಿ ಸಾಹುಕಾರ. ಅವನ ಗುಮಾಸ್ತ ಬಾಬ್ ಕ್ರ್ಯಾಚಿಟ್. ಸಂಬಳ ವಾರಕ್ಕೆ 15 ಶಿಲಿಂಗ್. ಕೊರೆಯುವ ಚಳಿಯಲ್ಲಿ ಗುಮಾಸ್ತನ ಒಲೆಯಲ್ಲಿ ಒಂದೇ ಒಂದು ಇದ್ದಿಲ ತುಂಡು ಇದೆಯೋ ಏನೋ ಅನ್ನುವಷ್ಟು ಬೆಂಕಿ. ಇನ್ನೊಂದು ತುಂಡು ಹಾಕೋಣ ಅಂದರೆ ಇದ್ದಿಲ ಡಬ್ಬಿ ಸಾಹುಕಾರನ ಕೋಣೆಯಲ್ಲಿ. ಕ್ರಿಸ್ಮಸ್ ಹಿಂದಿನ ರಾತ್ರಿ ಸ್ಕ್ರೂಜ್‌ನ ಸತ್ತುಹೋದ ಪಾಲುದಾರ ಮಾರ್ಲಿ ದೆವ್ವವಾಗಿ ಬರುತ್ತಾನೆ. ಅವನ ಮೈಗೆ ಸುತ್ತಿದ ಸರಪಳಿಯಲ್ಲಿ ನೇತಾಡುವುದು ದುಡ್ಡಿನ ಪೆಟ್ಟಿಗೆ, ಬೀಗ, ಬೀಗದಕೈ, ಲೆಕ್ಕದ ಪುಸ್ತಕ. ಆಮೇಲೆ ಮೂರು ಭೂತಗಳು ಬರುತ್ತವೆ. ಒಂದು ಹಿಂದಿನದನ್ನು ತೋರಿಸುತ್ತದೆ, ಒಂದು ಈಗಿನದನ್ನು, ಒಂದು ಮುಂದಾಗುವುದನ್ನು. ಬೆಳಗಾಗುವಷ್ಟರಲ್ಲಿ ಸ್ಕ್ರೂಜ್ ಬೇರೆಯೇ ಮನುಷ್ಯ. ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸುತ್ತಾನೆ. ಸಂಬಳ ಜಾಸ್ತಿ ಮಾಡುತ್ತಾನೆ. ಕಾಲು ಊನವಾದ ಗುಮಾಸ್ತನ ಮಗ ಟೈನಿ ಟಿಮ್ ಬದುಕಿಕೊಳ್ಳುತ್ತಾನೆ.

ಓದುವಾಗ ಇದು ಸರಾಗವಾಗಿ ಹೋಗುತ್ತದೆ. ಯಾಕೆಂದರೆ ಡಿಕನ್ಸ್ ನಮ್ಮ ಪಕ್ಕದಲ್ಲೇ ಕೂತು ಕಥೆ ಹೇಳುತ್ತಾನೆ. ಜೋಕ್ ಮಾಡುತ್ತಾನೆ, ಬೈಯುತ್ತಾನೆ, ಆಣೆ ಇಡುತ್ತಾನೆ. ‘ಅವನು ಬದಲಾದ’ ಅಂದರೆ ನಂಬುತ್ತೇವೆ. ರಂಗದ ಮೇಲೆ ಆ ದನಿ ಇಲ್ಲ. ಅಲ್ಲಿರುವುದು ಒಬ್ಬ ನಟ, ರಾತ್ರಿ ಅಂಗಿಯಲ್ಲಿ. ಅವನು ಕುಣಿದು ನಕ್ಕು ‘ನಾನು ಬದಲಾದೆ’ ಅಂದರೆ ಯಾಕೆ ನಂಬಬೇಕು? ಅದೂ ಅಲ್ಲದೆ, ಇಂಗ್ಲೆಂಡಿನಲ್ಲಿ ಈ ಕಥೆಯ ಕೊನೆ ಗೊತ್ತಿಲ್ಲದ ಮಗುವೂ ಇಲ್ಲ. ಟಿಕೆಟ್ ಕೊಂಡವರೆಲ್ಲ ಉತ್ತರ ಗೊತ್ತಿದ್ದೇ ಒಳಗೆ ಬಂದಿರುತ್ತಾರೆ.

ನಮಗೂ ಇಂಥ ಕಥೆ ಹೊಸದಲ್ಲ. ಶ್ರೀನಿವಾಸ ನಾಯಕನ ಮೂಗುತಿಯ ಕಥೆ ಕೇಳಿಯೇ ಬೆಳೆದವರು ನಾವು. ಬೇಡಲು ಬಂದ ಬಡ ಬ್ರಾಹ್ಮಣ, ಗಂಡನಿಗೆ ಗೊತ್ತಾಗದ ಹಾಗೆ ಮೂಗುತಿ ಬಿಚ್ಚಿಕೊಟ್ಟ ಹೆಂಡತಿ, ಪೆಟ್ಟಿಗೆಯಿಂದ ಮಾಯವಾದ ಒಡವೆ. ಆದರೆ ಆ ನಾಯಕ ನವಕೋಟಿಯನ್ನೂ ಬಿಟ್ಟು ತಂಬೂರಿ ಹಿಡಿದು ಹೊರಟ, ಪುರಂದರದಾಸನಾದ. ಅವನು ಬದಲಾದನೇ ಅಂತ ಕೇಳುವ ಅಗತ್ಯವೇ ಇಲ್ಲ, ಬಿಟ್ಟುಹೋದ ಮನೆಯೇ ಸಾಕ್ಷಿ. ಸ್ಕ್ರೂಜ್ ಏನನ್ನೂ ಬಿಡುವುದಿಲ್ಲ. ಹಬ್ಬದ ಮರುದಿನ ಅದೇ ಆಫೀಸಿನ ಬಾಗಿಲು ತೆಗೆಯುತ್ತಾನೆ, ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಗುಮಾಸ್ತ ಹದಿನೆಂಟೂವರೆ ನಿಮಿಷ ತಡವಾಗಿ ಬಂದದ್ದನ್ನೂ ಗಡಿಯಾರ ನೋಡಿ ಲೆಕ್ಕ ಇಟ್ಟಿರುತ್ತಾನೆ! ಕಳೆದುಕೊಂಡದ್ದು ಒಂದು ಕೋಳಿಯ ದುಡ್ಡು, ಒಂದಿಷ್ಟು ಸಂಬಳ, ಒಂದಿಷ್ಟು ದಾನ. ಇಷ್ಟರಲ್ಲಿ ಪ್ರೇಕ್ಷಕರನ್ನು ಒಪ್ಪಿಸಬೇಕು. ರಂಗರೂಪ ಮಾಡುವವರಿಗೆ ತಲೆನೋವು ಇರುವುದು ಇಲ್ಲೇ.

ಏಳು ವಾರದಲ್ಲಿ ರಂಗಕ್ಕೆ

ಓಲ್ಡ್ ವಿಕ್‌ಗೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗೋಣ. ಈ ಕಥೆಗೂ ರಂಗಕ್ಕೂ ಇರುವ ಸಂಬಂಧ ಹುಟ್ಟಿದ್ದೇ ಒಂಥರಾ ಕಳ್ಳತನದಲ್ಲಿ.

ಪುಸ್ತಕ ಬಂದದ್ದು 1843ರ ಡಿಸೆಂಬರ್ 19ಕ್ಕೆ. ಬೆಲೆ 5 ಶಿಲಿಂಗ್. ಅಂದರೆ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳದಲ್ಲಿ ಮೂರನೇ ಒಂದು ಪಾಲು! ಅಂಚಿಗೆ ಚಿನ್ನದ ಬಣ್ಣ, ಒಳಗೆ ಜಾನ್ ಲೀಚ್ ಬರೆದ ಚಿತ್ರಗಳು, ಅವುಗಳಲ್ಲಿ ನಾಲ್ಕಕ್ಕೆ ಕೈಯಲ್ಲೇ ಬಣ್ಣ ಹಚ್ಚಿದ್ದು. ಕ್ರಿಸ್ಮಸ್ ಹೊತ್ತಿಗೆ 6000 ಪ್ರತಿ ಖಾಲಿ. ಡಿಕನ್ಸ್ ಸಾವಿರ ಪೌಂಡ್ ಲಾಭ ಬರುತ್ತದೆ ಅಂತ ಕಾದಿದ್ದ. ಚೆಂದದ ಖರ್ಚೆಲ್ಲ ಕಳೆದು ಆ 6000 ಪ್ರತಿಗಳಿಂದ ಕೈಗೆ ಬಂದದ್ದು ಸುಮಾರು 230 ಪೌಂಡ್. ಜನವರಿಯಲ್ಲಿ ಒಂದು ಅಗ್ಗದ ಪತ್ರಿಕೆ ಕಥೆಯನ್ನು ಕದ್ದು ಅಚ್ಚು ಹಾಕಿತು. ಡಿಕನ್ಸ್ ಕೋರ್ಟಿಗೆ ಹೋದ, ಗೆದ್ದ. ಸೋತವರು ದಿವಾಳಿ ಅಂತ ಕೈಯೆತ್ತಿದರು. ಕೋರ್ಟು ಖರ್ಚು ಸುಮಾರು 700 ಪೌಂಡ್ ಡಿಕನ್ಸ್‌ನ ತಲೆ ಮೇಲೇ ಬಿತ್ತು. ದುಡ್ಡಿನ ಆಸೆ ಬೇಡ ಅನ್ನುವ ಕಥೆ ಬರೆದವನಿಗೆ ಆದ ಪಾಡು ಇದು.

ನಾಟಕದವರ ಮೇಲೆ ಕೇಸು ಹಾಕುವುದಕ್ಕೂ ದಾರಿ ಇರಲಿಲ್ಲ. 1833ರ ಕಾನೂನು ನಾಟಕ ಬರೆದವರಿಗೆ ರಕ್ಷಣೆ ಕೊಡುತ್ತಿತ್ತು. ಕಾದಂಬರಿಯನ್ನು ಯಾರಾದರೂ ನಾಟಕ ಮಾಡಿಕೊಂಡರೆ ಕಾದಂಬರಿಕಾರ ಸುಮ್ನೆ ನೋಡುತ್ತಾ ಕೂರಬೇಕಿತ್ತು. ಆ ಹಕ್ಕು ಗಟ್ಟಿಯಾಗಿ ಸಿಕ್ಕಿದ್ದು 1911ರ ಕಾಯ್ದೆಯಲ್ಲಿ. ಹಾಗಾಗಿ 1844ರ ಫೆಬ್ರವರಿ 5ರಂದು, ಪುಸ್ತಕ ಬಂದು ಏಳು ವಾರ ಆಗುವಷ್ಟರಲ್ಲಿ, ಲಂಡನ್ನಿನಲ್ಲಿ ಒಂದೇ ದಿನ ಮೂರು ಕಡೆ ಸ್ಕ್ರೂಜ್ ರಂಗಕ್ಕೆ ಬಂದ. ತಿಂಗಳು ಮುಗಿಯುವ ಹೊತ್ತಿಗೆ ಎಂಟು ರಂಗರೂಪಗಳಾಗಿದ್ದವು. ಡಿಕನ್ಸ್ ಒಪ್ಪಿಗೆ ಕೊಟ್ಟದ್ದು ಒಂದಕ್ಕೇ, ಅಡೆಲ್ಫಿ ಥಿಯೇಟರಿನಲ್ಲಿ ಎಡ್ವರ್ಡ್ ಸ್ಟರ್ಲಿಂಗ್ ಮಾಡಿದ್ದಕ್ಕೆ. ಅದನ್ನು ನೋಡಿ ಬಂದು ಗೆಳೆಯ ಜಾನ್ ಫಾರ್ಸ್ಟರ್‌ಗೆ ಬರೆದ ಪತ್ರದಲ್ಲಿ ಎರಡೂ ಹೇಳಿದ್ದಾನೆ: ಮಾಮೂಲಿಗಿಂತ ವಾಸಿ, ಆದರೂ ನನಗೆ ಎದೆ ಒಡೆದ ಹಾಗಾಯಿತು. ತಮ್ಮ ಕಥೆಯ ನಾಟಕ ನೋಡಲು ಮುಂದಿನ ಸಾಲಿನಲ್ಲಿ ಕೂತ ಎಲ್ಲ ಲೇಖಕರ ಮುಖವೂ ನನಗೆ ಇಲ್ಲಿ ಕಾಣುತ್ತದೆ.

ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಟೌನ್ ಹಾಲಿನಲ್ಲಿ ಜನರ ಮುಂದೆ ನಿಂತು ಇಡೀ ಕಥೆ ತಾನೇ ಓದಿದ. ಸೆಟ್ಟಿಲ್ಲ, ವೇಷವಿಲ್ಲ. ಪುಸ್ತಕದ ಹಾಳೆಗಳನ್ನು ಬಿಚ್ಚಿ ದೊಡ್ಡ ಹಾಳೆಗಳ ಮೇಲೆ ಅಂಟಿಸಿ, ಬೇಡದ ಸಾಲುಗಳನ್ನು ಶಾಯಿಯಲ್ಲಿ ಹೊಡೆದುಹಾಕಿಕೊಂಡಿದ್ದ. ಆ ಪ್ರತಿ ಈಗಲೂ ನ್ಯೂಯಾರ್ಕಿನ ಪಬ್ಲಿಕ್ ಲೈಬ್ರರಿಯಲ್ಲಿದೆ. 1870ರ ಮಾರ್ಚಿನಲ್ಲಿ ಕೊನೆಯ ಸಲ ಜನರ ಮುಂದೆ ಓದಿದಾಗಲೂ ಇದೇ ಕಥೆ. ತನ್ನ ದನಿಯನ್ನು ತಾನೇ ರಂಗಕ್ಕೆ ಹೊತ್ತುತಂದ ಅನ್ನಬಹುದು. ಬೇರೆಯವರಿಗೆ ಆ ಅನುಕೂಲ ಇಲ್ಲವಲ್ಲ.

ಒಂದು ಸಾಲಿನಿಂದ ಹುಟ್ಟಿದ ಅಪ್ಪ

ಈಗ ಥಾರ್ನ್ ಏನು ಮಾಡಿದರು ನೋಡೋಣ. ಅವರು ‘ಹ್ಯಾರಿ ಪಾಟರ್ ಅಂಡ್ ದಿ ಕರ್ಸ್ಡ್ ಚೈಲ್ಡ್’ ನಾಟಕ ಬರೆದದ್ದು ಇದಕ್ಕೆ ಒಂದು ವರ್ಷ ಮುಂಚೆ. ಅಲ್ಲಿಯೂ ಕಥೆಯ ಗಂಟು ಇದ್ದದ್ದು ಅಪ್ಪ ಮಗನ ನಡುವೆ. ಇಲ್ಲಿಯೂ ಅವರು ಅಪ್ಪನನ್ನೇ ಹುಡುಕಿಕೊಂಡು ಹೋದರು.

ಮೂಲದಲ್ಲಿ ಸ್ಕ್ರೂಜ್‌ನ ಅಪ್ಪ ಬರುವುದು ಬಹುತೇಕ ಒಂದೇ ಒಂದು ಮಾತಿನಲ್ಲಿ. ಬೋರ್ಡಿಂಗ್ ಶಾಲೆಯಲ್ಲಿ ಒಬ್ಬನೇ ಉಳಿದ ಹುಡುಗನನ್ನು ಕರೆದೊಯ್ಯಲು ತಂಗಿ ಫ್ಯಾನ್ ಓಡಿಬರುತ್ತಾಳೆ. ಅಪ್ಪ ಈಗ ಮೊದಲಿಗಿಂತ ಎಷ್ಟೋ ಒಳ್ಳೆಯವರಾಗಿದ್ದಾರೆ, ಮನೆಗೆ ಬಾ ಅನ್ನುತ್ತಾಳೆ. ಅಷ್ಟೇ. ಡಿಕನ್ಸ್ ಮುಂದೆ ಹೋಗಿಬಿಡುತ್ತಾನೆ. ಓದುಗರೂ ಹೋಗಿಬಿಡುತ್ತಾರೆ. ಥಾರ್ನ್ ಅಲ್ಲೇ ನಿಂತರು. ‘ಮೊದಲಿಗಿಂತ’ ಅಂದರೆ? ಮೊದಲು ಹೇಗಿದ್ದ?

ಆ ಪ್ರಶ್ನೆಯಿಂದ ಒಂದು ಇಡೀ ಪಾತ್ರ ಹುಟ್ಟಿದೆ. ಕುಡಿಯುವ ಅಪ್ಪ, ಸಾಲದಲ್ಲಿ ಮುಳುಗಿದ ಅಪ್ಪ, ಮಗನ ಮೇಲೆ ಹರಿಹಾಯುವ ಅಪ್ಪ. ಸ್ಕ್ರೂಜ್‌ಗೆ ದುಡ್ಡಿನ ಮೇಲೆ ಇರುವುದು ಆಸೆಯಲ್ಲ, ಸಾಲದ ಭಯ ಅನ್ನುವುದು ಇಲ್ಲಿ ತಿಳಿಯುತ್ತದೆ. ಇನ್ನೂ ಒಂದು ಜಾಣತನ ಇದೆ. ಈ ಅಪ್ಪನ ಪಾತ್ರ ಮತ್ತು ಮಾರ್ಲಿಯ ದೆವ್ವ, ಎರಡನ್ನೂ ಒಬ್ಬನೇ ನಟ ಮಾಡುತ್ತಾನೆ. ಸರಪಳಿ ಎಳೆದುಕೊಂಡು ಬಂದ ಮುಖವೇ ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಮುಖವಾಗಿ ಎದುರು ನಿಲ್ಲುತ್ತದೆ. ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ನಟರು ಕಡಿಮೆ ಇದ್ದಾಗ ಒಬ್ಬನಿಗೆ ಎರಡು ವೇಷ ಕಟ್ಟುವುದು ನಮ್ಮ ಎಲ್ಲ ತಂಡಗಳಲ್ಲೂ ಇದೆ. ಕಟ್ಟುವುದಾದರೆ ಹೀಗೆ ಕಟ್ಟಬೇಕು.

ಈ ಅಪ್ಪ ಎಲ್ಲಿಂದ ಬಂದ ಅನ್ನುವುದಕ್ಕೆ ನನಗನ್ನಿಸುವ ಉತ್ತರ ಬೇರೆ. ಡಿಕನ್ಸ್‌ನ ಅಪ್ಪ ಜಾನ್ ಡಿಕನ್ಸ್‌ನನ್ನು ಸಾಲ ತೀರಿಸಲಾಗದೆ 1824ರಲ್ಲಿ ಮಾರ್ಷಲ್‌ಸೀ ಜೈಲಿಗೆ ಹಾಕಿದ್ದರು. ಆಗ ಹನ್ನೆರಡು ವರ್ಷದ ಚಾರ್ಲ್ಸ್ ಬೂಟ್ ಪಾಲಿಶ್ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಈ ವಿಷಯವನ್ನು ಅವನು ಬದುಕಿದ್ದಷ್ಟು ಕಾಲ ಓದುಗರಿಗೆ ಹೇಳಲೇ ಇಲ್ಲ. ಪುಸ್ತಕದಲ್ಲಿ ಅಪ್ಪನ ಮಾತು ಬಂದ ತಕ್ಷಣ ಬಾಗಿಲು ಮುಚ್ಚುವುದು ಅದಕ್ಕೇ ಇರಬಹುದು. ಲೇಖಕ ಮುಚ್ಚಿದ ಬಾಗಿಲನ್ನು ರಂಗರೂಪ ತೆರೆದಿದೆ. ಇಲ್ಲದ್ದನ್ನು ಸೇರಿಸಿದರು ಅಂತ ದೂರುವವರಿಗೆ ಇದು ನನ್ನ ಉತ್ತರ.

ಇನ್ನೆರಡು ಬದಲಾವಣೆ. ಮೂಲದ ಫೆಝಿವಿಗ್ ಕೆಲಸದ ಹುಡುಗರಿಗೆ ಹಬ್ಬದ ರಾತ್ರಿ ಕುಣಿತದ ಔತಣ ಕೊಡುವ ಧಾರಾಳ ಯಜಮಾನ. ಇಲ್ಲಿ ಅವನ ಕಸುಬು ಶವಪೆಟ್ಟಿಗೆ, ಅಂತ್ಯಸಂಸ್ಕಾರ. ಸಾವಿನ ನಡುವೆಯೇ ದಿನ ಕಳೆಯುವವನು ಎಲ್ಲರಿಗಿಂತ ಖುಷಿಯಾಗಿದ್ದಾನೆ. ಸ್ಕ್ರೂಜ್ ಪ್ರೀತಿಸಿದ ಬೆಲ್ ಇವನ ಮಗಳು. ಮೂಲದಲ್ಲಿ ಬೆಲ್ ಅವನನ್ನು ಬಿಟ್ಟುಕೊಡುವ ಒಂದು ದೃಶ್ಯ ಇದೆ, ಮದುವೆಯಾಗಿ ಮಕ್ಕಳೊಂದಿಗಳಾದ ಇನ್ನೊಂದು ನೋಟ ಇದೆ. ಮುದುಕ ಸ್ಕ್ರೂಜ್ ಅವಳನ್ನು ಮತ್ತೆ ಭೇಟಿಯಾಗುವುದೇ ಇಲ್ಲ. ಇಲ್ಲಿ ಹೋಗಿ ಬಾಗಿಲು ತಟ್ಟುತ್ತಾನೆ. ಕಳೆದ ವರ್ಷಗಳು ವಾಪಸ್ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಕೋಳಿ ಕಳಿಸುವುದಕ್ಕಿಂತ ಎಷ್ಟೋ ಕಷ್ಟದ ಕೆಲಸ ಅದು, ಅಲ್ವಾ?

ಭೂತಗಳು ಮೂವರೂ ಹೆಂಗಸರು. ಮೊದಲನೆಯವಳು ಮಕ್ಕಳ ತಳ್ಳುಗಾಡಿ ತಳ್ಳಿಕೊಂಡು ಬರುತ್ತಾಳೆ. ಮೂರನೆಯವಳಾಗಿ ಬರುವುದು ಚಿಕ್ಕವಯಸ್ಸಿಗೇ ಸತ್ತುಹೋದ ತಂಗಿ ಫ್ಯಾನ್. ಇವರ ಜೊತೆ ಸ್ಕ್ರೂಜ್ ಸುಮ್ಮನೆ ಅಳುತ್ತಾ ಹಿಂಬಾಲಿಸುವುದಿಲ್ಲ. ವಾದ ಮಾಡುತ್ತಾನೆ, ಸಮರ್ಥಿಸಿಕೊಳ್ಳುತ್ತಾನೆ, ತಪ್ಪು ನನ್ನದಲ್ಲ ಅನ್ನುತ್ತಾನೆ. ಹಳೆಯ ಎಷ್ಟೋ ರಂಗರೂಪಗಳಲ್ಲಿ ಮೊದಲ ಭೂತ ಮುಗಿಯುವಷ್ಟರಲ್ಲೇ ಅವನು ಕರಗಿಹೋಗಿರುತ್ತಾನೆ. ಆಮೇಲೆ ಉಳಿದ ಇಬ್ಬರಿಗೆ ಕೆಲಸವೇ ಇರುವುದಿಲ್ಲ. ಥಾರ್ನ್ ಅವನನ್ನು ಕೊನೆಯವರೆಗೂ ಮೊಂಡನಾಗಿಯೇ ಇಟ್ಟಿರುವುದರಿಂದ ಗೊತ್ತಿರುವ ಕಥೆಯಲ್ಲೂ ಒಂದು ಹಗ್ಗಜಗ್ಗಾಟ ಉಳಿದಿದೆ.

ಚೌಕಟ್ಟು, ಲಾಟೀನು, ಗಂಟೆ

ರಂಗಸಜ್ಜಿಕೆ ಮತ್ತು ವೇಷಭೂಷಣ ರಾಬ್ ಹೋವೆಲ್ ಅವರದು. ಓಲ್ಡ್ ವಿಕ್ 1818ರಲ್ಲಿ ಕಟ್ಟಿದ ಹಳೇ ಕಾಲದ ಥಿಯೇಟರು. ಎದುರಿಗೆ ಚೌಕಟ್ಟಿನ ವೇದಿಕೆ, ಮೇಲೆ ಸುತ್ತಲೂ ಬಾಲ್ಕನಿ. ಈ ನಾಟಕಕ್ಕಾಗಿ ವೇದಿಕೆಯನ್ನು ಪ್ರೇಕ್ಷಕರ ನಡುವಿನವರೆಗೂ ಉದ್ದಕ್ಕೆ ಚಾಚಿದರು. ವೇದಿಕೆಯ ಮೇಲೂ ಸೀಟು ಹಾಕಿದರು. ಹಾಗಾಗಿ ನಟ ಯಾವ ಕಡೆ ತಿರುಗಿದರೂ ಎದುರಿಗೆ ಜನ. ನಟನ ಹಿಂದೆ ಕಾಣುವುದು ಪರದೆಯಲ್ಲ, ಆಚೆ ಬದಿಯ ಪ್ರೇಕ್ಷಕರ ಮುಖ. ನೋಡುವವರು ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು. ಬಯಲಾಟ ನೋಡಿದವರಿಗೆ ಇದು ಗೊತ್ತಿರುವ ಸುಖ.

ಸ್ಕ್ರೂಜ್‌ನ ಮನೆಗೆ ಗೋಡೆಗಳಿಲ್ಲ. ನೆಲದಿಂದ ಬಾಗಿಲ ಚೌಕಟ್ಟುಗಳು ಎದ್ದು ನಿಲ್ಲುತ್ತವೆ, ಅಷ್ಟೇ. ಸುತ್ತ ಎಲ್ಲ ಬಯಲು, ಆದರೂ ಅವನು ಬಾಗಿಲು ಹಾಕಿಕೊಂಡು ಒಳಗಿರುತ್ತಾನೆ. ಪಕ್ಕದಿಂದ ಸುಲಭವಾಗಿ ದಾಟಿಹೋಗಬಹುದಾದ ಜಾಗದಲ್ಲಿ ಬೀಗ ಹಾಕಿಕೊಂಡು ಕೂತ ಮನುಷ್ಯ! ಅವನ ಕಥೆಯೆಲ್ಲ ಆ ಒಂದು ಚೌಕಟ್ಟಿನಲ್ಲಿದೆ. ತಲೆಯ ಮೇಲೆ ಇಡೀ ಸಭಾಂಗಣದ ತುಂಬ ಲಾಟೀನುಗಳ ರಾಶಿ ತೂಗುತ್ತಿರುತ್ತದೆ. ಅದು ವೇದಿಕೆಯ ಮೇಲಷ್ಟೇ ಇಲ್ಲ, ನಮ್ಮ ತಲೆಯ ಮೇಲೂ ಇದೆ. ಬೆಳಕು ಹ್ಯೂ ವ್ಯಾನ್‌ಸ್ಟೋನ್ ಅವರದು.

ಸಂಗೀತ ಕ್ರಿಸ್ಟಫರ್ ನೈಟಿಂಗೇಲ್. ಹಳೆಯ ಕ್ರಿಸ್ಮಸ್ ಹಾಡುಗಳನ್ನು ಕಥೆಯೊಳಕ್ಕೆ ಹೆಣೆದಿದ್ದಾರೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕೈಗಂಟೆಗಳು. ಇಂಗ್ಲಿಷ್ ಕೈಗಂಟೆಯ ಲೆಕ್ಕ ಸರಳ. ಒಂದು ಗಂಟೆಗೆ ಒಂದೇ ಸ್ವರ. ಒಬ್ಬ ನಟನ ಕೈಯಲ್ಲಿ ಒಂದೋ ಎರಡೋ ಗಂಟೆ. ಇವನ ಬಳಿ ‘ಸ’ ಇದ್ದರೆ ‘ರಿ’ ಇನ್ಯಾರ ಬಳಿಯೋ. ಒಬ್ಬ ಕೈ ಎತ್ತುವುದು ತಡವಾದರೂ ಹಾಡಿನ ಮಧ್ಯೆ ಒಂದು ತೂತು. ಕೊನೆಯಲ್ಲಿ ಇಡೀ ತಂಡ ಸಾಲಾಗಿ ನಿಂತು ‘ಸೈಲೆಂಟ್ ನೈಟ್’ ಹಾಡನ್ನು ಹೀಗೆ ಗಂಟೆಗಳಲ್ಲೇ ನುಡಿಸುತ್ತದೆ. ಮಾತಿಲ್ಲ. ತನ್ನ ಸರದಿ ಬರುವವರೆಗೂ ಪ್ರತಿಯೊಬ್ಬನೂ ಉಳಿದವರನ್ನು ಕೇಳಿಸಿಕೊಳ್ಳುತ್ತಾ ನಿಲ್ಲಲೇಬೇಕು.

ಉರುಳಿಬಂದ ಬಟಾಟೆ

ಈಗ ಆ ಕಿತ್ತಳೆಯ ಲೆಕ್ಕ. ಬೆಳಗಾಗಿದೆ. ಸ್ಕ್ರೂಜ್‌ಗೆ ಕ್ರ್ಯಾಚಿಟ್ ಮನೆಗೆ ಹಬ್ಬದೂಟ ಒಯ್ಯಬೇಕು. ಮೂಲದಲ್ಲಿ ಅವನು ಕಿಟಕಿಯಿಂದ ಬಗ್ಗಿ ಬೀದಿಯ ಹುಡುಗನೊಬ್ಬನನ್ನು ಕೂಗಿ, ಕೋಳಿ ಅಂಗಡಿಗೆ ಓಡಿಸುತ್ತಾನೆ. ಟೈನಿ ಟಿಮ್‌ನ ಎರಡರಷ್ಟು ಗಾತ್ರದ ಕೋಳಿ. ಹೊತ್ತುಕೊಂಡು ಹೋಗಲಾಗದೆ ಗಾಡಿಯಲ್ಲಿ ಕಳಿಸುತ್ತಾನೆ. ಯಾರು ಕಳಿಸಿದ್ದು ಅಂತ ಹೇಳಿಸುವುದೂ ಇಲ್ಲ.

ಓಲ್ಡ್ ವಿಕ್‌ನಲ್ಲಿ ಈ ಒಂದು ಕೋಳಿ ಇಡೀ ಸಭಾಂಗಣದ ಕೆಲಸವಾಗುತ್ತದೆ. ಸ್ಕ್ರೂಜ್ ಮೇಲೆ ನೋಡಿ ಕೂಗುತ್ತಾನೆ. ಬಾಲ್ಕನಿಯಿಂದ ಉದ್ದುದ್ದ ಬಿಳಿ ಬಟ್ಟೆ ಕೆಳಗಿಳಿಯುತ್ತದೆ. ಅಂಚು ಹಿಡಿಯುವವರು ಟಿಕೆಟ್ ಕೊಂಡು ಬಂದ ಜನ. ಆ ಬಟ್ಟೆಯ ಜಾರುಬಂಡಿಯಲ್ಲಿ ಹಣ್ಣು, ಬಟಾಟೆ, ತರಕಾರಿ ದಡದಡ ಉರುಳಿಬರುತ್ತವೆ. ಬಟ್ಟೆ ಸಡಿಲ ಬಿಟ್ಟರೆ ಬಟಾಟೆ ಮಧ್ಯೆಯೇ ನಿಂತುಬಿಡುತ್ತದೆ, ಆಚೆ ಬದಿಯವರು ಎಳೆದು ಬಿಗಿ ಮಾಡಬೇಕು. ಸಾಸೇಜಿನ ಸರ ಕೈಯಿಂದ ಕೈಗೆ ದಾಟುತ್ತದೆ. ಮೇಲಿಂದ ಬ್ರಸೆಲ್ಸ್ ಸ್ಪ್ರೌಟ್‌ಗಳು, ಅಂದರೆ ನಿಂಬೆಹಣ್ಣಿನಷ್ಟು ಚಿಕ್ಕ ಕೋಸುಗಳು, ಪುಟಾಣಿ ಪ್ಯಾರಾಚೂಟ್ ಕಟ್ಟಿಕೊಂಡು ತೇಲಿ ಇಳಿಯುತ್ತವೆ. ಟರ್ಕಿ ಕೋಳಿ ತಂತಿಯ ಮೇಲೆ ಜಾರಿಕೊಂಡು ಬರುತ್ತದೆ. ಗಂಭೀರ ಮುಖದ ತಾತಂದಿರು ಎದ್ದುನಿಂತು ಪಕ್ಕದವರಿಗೆ ‘ಹಿಡೀರಿ, ಹಿಡೀರಿ’ ಅನ್ನುವ ಹೊತ್ತು ಅದು.

ಸುಮ್ನೆ ಮಜಾಕ್ಕೆ ಮಾಡಿದ್ದು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಸ್ಕ್ರೂಜ್ ನಿಜವಾಗಿ ಬದಲಾದನೇ ಅನ್ನುವ ಪ್ರಶ್ನೆಯನ್ನು ಈ ದೃಶ್ಯ ಕೇಳುವುದಕ್ಕೇ ಬಿಡುವುದಿಲ್ಲ. ಅಷ್ಟರಲ್ಲಿ ನಮ್ಮ ಕೈ ಕೆಲಸಕ್ಕೆ ಬಿದ್ದಿರುತ್ತದೆ. ಹೊರಗೆ ನಿಂತು ತೀರ್ಪು ಹೇಳಬೇಕಾದವರು ಒಳಗೆ ಬಂದು ಬಟಾಟೆ ಹೊರುತ್ತಿರುತ್ತಾರೆ. ಶುರುವಿನಲ್ಲಿ ಕಿತ್ತಳೆ ತೆಗೆದುಕೊಂಡ ಅದೇ ಕೈ ಈಗ ಆಚೆಗೆ ದಾಟಿಸುತ್ತಿದೆ. ನಟ ‘ಬದಲಾದೆ’ ಅಂತ ನೂರು ಸಲ ಹೇಳಿದರೂ ಆಗದ ಕೆಲಸ ಒಂದು ಬಟ್ಟೆಯ ತುದಿ ಹಿಡಿಸಿದ್ದರಿಂದ ಆಗಿದೆ.

ಪ್ರೇಕ್ಷಕರಿಗೆ ತಿನ್ನಲು ಕೊಡುವುದು ಅಷ್ಟು ಸುಲಭವಲ್ಲ ಅನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ. ಕಾಲೇಜಿನ ದಿನಗಳಲ್ಲಿ ನಮ್ಮ ತಂಡ ಒಂದು ಸಂತೆಯ ನಾಟಕ ಆಡಿತು. ಸಂತೆ ಅಂದಮೇಲೆ ಮಂಡಕ್ಕಿ ಬೇಕಲ್ಲ ಅಂತ ಮುಂದಿನ ಸಾಲುಗಳಿಗೆ ಕಾಗದದ ಪೊಟ್ಟಣ ಹಂಚಿದೆವು. ಮುಂದಿನ ಅರ್ಧ ಗಂಟೆ ನಾಯಕಿಯ ಅಳುವೂ ಕೇಳಲಿಲ್ಲ, ನಾಯಕನ ಬೈಗುಳವೂ ಕೇಳಲಿಲ್ಲ. ಕುರುಂ ಕುರುಂ ಅಷ್ಟೇ. ಪೊಟ್ಟಣದ ಕಾಗದದ ಸದ್ದು ಬೇರೆ. ಹಿಂದಿನ ಸಾಲಿನವರು ನಮಗೆ ಯಾಕಿಲ್ಲ ಅಂತ ಗಲಾಟೆ ತೆಗೆದರು. ಓಲ್ಡ್ ವಿಕ್‌ನವರು ತಿಂಡಿ ಕೊಡುವುದು ನಾಟಕಕ್ಕೆ ಮುಂಚೆ. ಊಟದ ಸಾಮಾನು ಬರುವುದು ಮಾತೆಲ್ಲ ಮುಗಿದ ಮೇಲೆ. ಕಿತ್ತಳೆಗೆ ಸದ್ದಿಲ್ಲ, ವಾಸನೆ ಮಾತ್ರ. ಇದನ್ನೆಲ್ಲ ಯಾರೋ ಕೂತು ಯೋಚಿಸಿದ್ದಾರೆ ಅಂತ ಮಂಡಕ್ಕಿ ಹಂಚಿದವನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ತಕರಾರು

ಮೆಚ್ಚಿದ್ದು ಸಾಕು. ಅಪ್ಪನನ್ನು ತಂದದ್ದರಿಂದ ಕಳೆದುಕೊಂಡದ್ದೂ ಇದೆ.

ಡಿಕನ್ಸ್ ಈ ಕಥೆ ಬರೆದದ್ದು ಒಬ್ಬ ಮುದುಕನ ಬಾಲ್ಯದ ಗಾಯ ತೋರಿಸುವುದಕ್ಕಲ್ಲ. 1843ರಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬಂದ ಸರ್ಕಾರಿ ವರದಿ ಓದಿ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮೊದಲು ಅದರ ಮೇಲೆ ಒಂದು ಕರಪತ್ರ ಬರೆಯೋಣ ಅಂದುಕೊಂಡಿದ್ದ. ಸೆಪ್ಟೆಂಬರಿನಲ್ಲಿ ಫೀಲ್ಡ್ ಲೇನ್‌ನ ಬಡಮಕ್ಕಳ ಶಾಲೆಗೆ ಹೋಗಿ ನೋಡಿ ಬಂದ. ಅಕ್ಟೋಬರಿನಲ್ಲಿ ಕಥೆ ಶುರು ಮಾಡಿ ಆರು ವಾರದಲ್ಲಿ ಮುಗಿಸಿದ. ದಾನ ಕೇಳಲು ಬಂದವರಿಗೆ ಸ್ಕ್ರೂಜ್ ಕೇಳುವ ಪ್ರಶ್ನೆ ಇದೆಯಲ್ಲ, ಜೈಲುಗಳಿಲ್ಲವೇ, ಬಡವರನ್ನು ದುಡಿಸುವ ವರ್ಕ್‌ಹೌಸ್‌ಗಳಿಲ್ಲವೇ, ಸಾಯುವವರು ಸತ್ತರೆ ಜನಸಂಖ್ಯೆಯಾದರೂ ಕಡಿಮೆಯಾಗುತ್ತದೆ ಅಂತ, ಅದು ಅವನೊಬ್ಬನ ಮಾತಲ್ಲ. 1834ರ ಬಡವರ ಕಾನೂನಿನ ಹಿಂದಿದ್ದ ಧಾಟಿಯೇ ಅದು. ಊಟ ತುಂಬಿದ ಮನೆಗಳಲ್ಲಿ ಕೂತವರು ಆಡುತ್ತಿದ್ದ ಮಾತು.

ಕುಡುಕ ಅಪ್ಪನೊಬ್ಬ ಬಂದಾಗ ಆ ಮಾತಿನ ಭಾರ ಹಗುರಾಗುತ್ತದೆ. ಪಾಪ, ಚಿಕ್ಕಂದಿನಲ್ಲಿ ಏಟು ತಿಂದವನು, ಅದಕ್ಕೇ ಹೀಗೆ ಅನ್ನಿಸುತ್ತದೆ. ಸುಖವಾಗಿ ಬೆಳೆದವರೂ ಹೀಗೇ ಮಾತಾಡುತ್ತಾರೆ ಅನ್ನುವುದು ಮರೆತುಹೋಗುತ್ತದೆ. ಊರಿನ ಪ್ರಶ್ನೆ ಮನೆಯ ಪ್ರಶ್ನೆಯಾಗಿಬಿಡುತ್ತದೆ.

ಇನ್ನೊಂದು, ಮೂಲದ ಮೂರನೇ ಭೂತ. ಅದು ಮಾತೇ ಆಡುವುದಿಲ್ಲ. ಕರಿ ಮುಸುಕು, ಅದರೊಳಗಿಂದ ಚಾಚಿದ ಒಂದು ಕೈ. ಗೋರಿ ಕಲ್ಲನ್ನು ತೋರಿಸುವಾಗಲೂ ಮೌನ. ರಂಗಕ್ಕೆ ಅಂತಲೇ ಬರೆದಂತಿದೆ. ಅದರ ಜಾಗಕ್ಕೆ ತಂಗಿ ಬಂದಾಗ ದುಃಖ ಸಿಗುತ್ತದೆ, ನಡುಕ ಸಿಗುವುದಿಲ್ಲ. ನಾನಾಗಿದ್ದರೆ ಆ ಕೈಯನ್ನು ಬಿಟ್ಟುಕೊಡುತ್ತಿರಲಿಲ್ಲ.

ಅಟ್ಲಾಂಟಿಕ್ ಆಚೆ, ಆಮೇಲೆ ಖಾಲಿ ಸೀಟು

ಸ್ಕ್ರೂಜ್ ಪಾತ್ರ ವರ್ಷವರ್ಷ ಕೈ ಬದಲಾಯಿಸುತ್ತದೆ. 2017ರಲ್ಲಿ ರೀಸ್ ಇಫಾನ್ಸ್, ಮುಂದಿನ ವರ್ಷ ಸ್ಟೀಫನ್ ಟಾಂಪ್ಕಿನ್ಸನ್, 2019ರಲ್ಲಿ ಪ್ಯಾಟರ್ಸನ್ ಜೋಸೆಫ್. ಆಮೇಲೆ ಆಂಡ್ರ್ಯೂ ಲಿಂಕನ್, ಸ್ಟೀಫನ್ ಮ್ಯಾಂಗನ್, ಓವೆನ್ ಟೀಲ್, ಕ್ರಿಸ್ಟಫರ್ ಎಕಲ್ಸ್ಟನ್. 2024ರಲ್ಲಿ ಜಾನ್ ಸಿಮ್. ಕಥೆ, ಸೆಟ್ಟು, ಹಾಡು ಎಲ್ಲ ಅದೇ. ಮುಖ ಮಾತ್ರ ಹೊಸದು. ನಿಯಮಿತ ಸರ್ಕಾರಿ ಅನುದಾನ ಇಲ್ಲದೆ ನಡೆದುಬಂದಿರುವ ಥಿಯೇಟರಿಗೆ ಪ್ರತಿ ಡಿಸೆಂಬರಿನಲ್ಲೂ ಸೀಟು ತುಂಬುವ ನಾಟಕ ಒಂದಿರುವುದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಇದು ಹಳೇ ಲೆಕ್ಕ. ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರು ಬೇರೆ ರಂಗರೂಪಗಳಲ್ಲಿ ಇದೇ ಕಥೆಯನ್ನು 1975ರಿಂದ ಆಡಿಸುತ್ತಾ ಬಂದಿದೆ.

2019ರ ನವೆಂಬರಿನಲ್ಲಿ ಥಾರ್ನ್ ಅವರ ರಂಗರೂಪ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು, ಲೈಸಿಯಂ ಥಿಯೇಟರಿಗೆ. ಸ್ಕ್ರೂಜ್ ಆಗಿ ಕ್ಯಾಂಪ್‌ಬೆಲ್ ಸ್ಕಾಟ್. ಅವರ ತಂದೆ ಜಾರ್ಜ್ ಸಿ. ಸ್ಕಾಟ್ 1984ರ ಟೀವಿ ಚಿತ್ರದಲ್ಲಿ ಇದೇ ಸ್ಕ್ರೂಜ್ ಆಗಿದ್ದರು. ಅಪ್ಪನ ನೆರಳಿನಲ್ಲಿ ಬೆಳೆದವನ ಪಾತ್ರವನ್ನು ಆ ಮಗನೇ ಮಾಡುವುದು! ಟೈನಿ ಟಿಮ್ ಪಾತ್ರವನ್ನು ಅಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸುವುದು ಕಷ್ಟವಾಗುವ ಸ್ಥಿತಿ, ಇರುವ ಇಬ್ಬರು ಹುಡುಗರು ಸರದಿಯಲ್ಲಿ ಮಾಡಿದರು. ಎಷ್ಟೋ ಕಾಲದಿಂದ ಚೆನ್ನಾಗಿ ನಡೆಯುವ ಮಕ್ಕಳ ಕೈಗೆ ಊರುಗೋಲು ಕೊಟ್ಟು ಕುಂಟಿಸುತ್ತಿದ್ದ ಪಾತ್ರ ಅದು. ವೇದಿಕೆ ಮಾತ್ರ ಚೌಕಟ್ಟಿನೊಳಗೇ ಉಳಿ‌ಯಿತು. ಓಲ್ಡ್ ವಿಕ್‌ನ ಹಾಗೆ ಜನರ ಮಧ್ಯಕ್ಕೆ ಚಾಚಲಿಲ್ಲ.

ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಟೋನಿಗೆ ಐದು ವಿಭಾಗದಲ್ಲಿ ಹೆಸರು ಬಂತು. 2021ರ ಸೆಪ್ಟೆಂಬರಿನಲ್ಲಿ ಐದನ್ನೂ ಗೆದ್ದಿತು. ಸಜ್ಜಿಕೆ, ವೇಷ, ಬೆಳಕು, ಧ್ವನಿ, ಸಂಗೀತ. ಸಂಗೀತದ ವಿಭಾಗದಲ್ಲಿ ಆ ಸಲ ಇದ್ದವೆಲ್ಲ ಮಾತಿನ ನಾಟಕಗಳೇ, ಸಂಗೀತ ನಾಟಕ ಒಂದೂ ಇರಲಿಲ್ಲ. ಪಟ್ಟಿಯನ್ನು ಗಮನಿಸಿ. ನಟನೆಗಿಲ್ಲ, ನಿರ್ದೇಶನಕ್ಕಿಲ್ಲ. ಈ ರಂಗರೂಪದ ಬಲ ಎಲ್ಲಿದೆ ಅಂತ ಪ್ರಶಸ್ತಿ ಕೊಟ್ಟವರಿಗೂ ಗೊತ್ತಾಗಿತ್ತು ಅನ್ನಿಸುತ್ತದೆ. ಆದರೂ ನಿರ್ದೇಶಕರನ್ನು ಬಿಟ್ಟದ್ದು ಸರಿಯಲ್ಲ. ಬಟ್ಟೆ ಹಿಡಿಸುವುದೂ ನಿರ್ದೇಶನವೇ.

2020ರಲ್ಲಿ ಕೋವಿಡ್. ಥಿಯೇಟರು ಖಾಲಿ. ಓಲ್ಡ್ ವಿಕ್‌ನವರು ನಾಟಕ ನಿಲ್ಲಿಸಲಿಲ್ಲ. ಆಂಡ್ರ್ಯೂ ಲಿಂಕನ್ ಮತ್ತು ತಂಡ ಖಾಲಿ ಸೀಟುಗಳ ಮುಂದೆ ದಿನಾ ಆಡಿತು. ಜನ ಮನೆಯಲ್ಲೇ ಕೂತು ಪರದೆಯ ಮೇಲೆ ಅದೇ ಕ್ಷಣದಲ್ಲಿ ನೋಡಿದರು. ರೆಕಾರ್ಡ್ ಮಾಡಿ ಹಾಕಿದ್ದಲ್ಲ, ಪ್ರತಿ ಆಟವೂ ನೇರ. ಸುತ್ತ ಬರೀ ಕುರ್ಚಿಗಳಿರುವ ಕತ್ತಲ ಹಾಲಿನಲ್ಲಿ ಬಾಗಿಲು ಹಾಕಿಕೊಂಡು ಕೂತ ಸ್ಕ್ರೂಜ್. ಆ ವರ್ಷ ಅವನ ಒಂಟಿತನವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪರದೆಯಿಂದ ಕಿತ್ತಳೆ ಮಾತ್ರ ಆಚೆ ಬರುವುದಿಲ್ಲ.

2021ರಲ್ಲಿ ಜನ ವಾಪಸ್ ಬಂದರು. ಆಟ ಮುಗಿದು ಚಪ್ಪಾಳೆ ನಿಂತ ಮೇಲೆ ಸ್ಕ್ರೂಜ್ ಪಾತ್ರಧಾರಿ ಮುಂದೆ ಬಂದು ಆ ವರ್ಷದ ದಾನಸಂಸ್ಥೆಯ ಬಗ್ಗೆ ಎರಡು ಮಾತು ಆಡುವುದು ಇಲ್ಲಿನ ವಾಡಿಕೆ. ಎರಡು ಗಂಟೆ ಮುಂಚೆ ದಾನ ಕೇಳಲು ಬಂದವರನ್ನು ಬೈದು ಅಟ್ಟಿದ ಅದೇ ಬಾಯಿ. ಜನ ನಗುತ್ತಾರೆ. ಆಮೇಲೆ ಕೋಟು ಹಾಕಿಕೊಂಡು ಸಾಲಾಗಿ ಹೊರಗೆ ಹೊರಡುತ್ತಾರೆ. ಬಾಗಿಲ ಹತ್ತಿರ ದಾನ ಕೇಳುವವರು ಬಕೆಟ್ ಹಿಡಿದು ನಿಂತಿರುತ್ತಾರೆ. ಚಿಲ್ಲರೆ ಹುಡುಕಲು ಜೇಬಿಗೆ ಕೈ ಹಾಕಿದರೆ ಮೊದಲು ಸಿಗುವುದು ಕಿತ್ತಳೆ ಸಿಪ್ಪೆ.